ಆರ್ಡರ್ ಕೈಗೆ ಬಂದ ಮೇಲಿನ ಕೆಲಸ: ಕಲಬುರಗಿಯಲ್ಲಿ ವಿಕಲಚೇತನರ ಉದ್ಯೋಗ ಬೆಂಬಲ ಕೇಂದ್ರ ನಡೆಸಿದ ಅನುಭವ

ಕಲಬುರಗಿ, ಸೇಡಂ, ಚಿಂಚೋಳಿ ಕಡೆಯ ವಿಕಲಚೇತನರನ್ನು ಕೆಲಸಕ್ಕೆ ಹಚ್ಚುವ ನಮ್ಮ ಕೇಂದ್ರದ ಮೊದಲ ತಂಡ ಈಗ ನೆಲೆ ನಿಂತಿದೆ. ಬೀದರ್ ಮತ್ತು ಯಾದಗಿರಿಯಲ್ಲಿ ಇದೇ ಕೆಲಸಕ್ಕೆ ಕೈ ಹಾಕುತ್ತಿರುವವರು ಯಾವ ಕಾಗದ ಮೊದಲು, ಯಾರನ್ನು ಕಾಣಬೇಕು, ದುಡ್ಡು ಎಲ್ಲಿ ಖರ್ಚಾಗುತ್ತದೆ ಅಂತ ಕೇಳುತ್ತಿದ್ದಾರೆ. ಆದ ಕ್ರಮದಲ್ಲೇ ಬರೆದಿದ್ದೇವೆ. ಒಂದು ಮಾತು ಮೊದಲೇ ಹೇಳಬೇಕು: ಜನರನ್ನು ಹುಡುಕುವುದಕ್ಕಿಂತ, ತರಬೇತಿ ಕೊಡುವುದಕ್ಕಿಂತ, ನೇಮಕಾತಿ ಆರ್ಡರ್ ಕೊಡಿಸುವುದಕ್ಕಿಂತ ಹೆಚ್ಚು ಶ್ರಮ ಬಿದ್ದದ್ದು ಅವರು ಕೆಲಸಕ್ಕೆ ಸೇರಿದ ಮೇಲಿನ ತಿಂಗಳುಗಳಲ್ಲಿ. ಯೋಜನೆ ಬರೆಯುವಾಗ ಆ ತಿಂಗಳುಗಳ ಹಣವನ್ನೇ ಮೊದಲು ಎತ್ತಿಡಿ.

ಸುರುವಾಗುವುದು ನೋಂದಣಿಯಿಂದ. ಟ್ರಸ್ಟ್ ಅಥವಾ ಸೊಸೈಟಿ ಆಗಿದ್ದರೆ ಸಾಕು ಅಂತ ಬಹಳ ಮಂದಿ ತಿಳಿದಿದ್ದಾರೆ, ಅದು ಸಾಲದು. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರ 50ನೇ ಕಲಂ ಪ್ರಕಾರ ವಿಕಲಚೇತನರಿಗಾಗಿ ಸಂಸ್ಥೆ ನಡೆಸಲು ಬೇರೆಯೇ ನೋಂದಣಿ ಪ್ರಮಾಣಪತ್ರ ಬೇಕು. 51ನೇ ಕಲಂ ಪ್ರಕಾರ ಅರ್ಜಿ ತಲುಪಿದ 90 ದಿನಗಳೊಳಗೆ ಪ್ರಾಧಿಕಾರ ಪ್ರಮಾಣಪತ್ರ ಕೊಡಬೇಕು, ಇಲ್ಲವೇ ಕಾರಣ ಬರೆದು ತಿರಸ್ಕರಿಸಬೇಕು. ತಿರಸ್ಕರಿಸುವ ಮೊದಲು ನಿಮ್ಮ ಮಾತು ಕೇಳಲೇಬೇಕು. ಜಿಲ್ಲಾ ಮಟ್ಟದಲ್ಲಿ ನೀವು ಹೋಗಬೇಕಾದದ್ದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಗೆ. ಟ್ರಸ್ಟ್ ಪತ್ರ, ಲೆಕ್ಕಪರಿಶೋಧನೆ ವರದಿ, ಬಾಡಿಗೆ ಕರಾರು, ಕಟ್ಟಡದ ನಕ್ಷೆ, ಸಿಬ್ಬಂದಿಯ ವಿದ್ಯಾರ್ಹತೆ ಇವನ್ನೆಲ್ಲ ಒಂದೇ ಫೈಲಿನಲ್ಲಿ ಪುಟಸಂಖ್ಯೆ ಹಾಕಿ ಕೊಡಿ. ವಿಶೇಷ ಶಿಕ್ಷಕರು ಇದ್ದರೆ ಅವರ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಚಾಲ್ತಿಯಲ್ಲಿದೆಯೇ ನೋಡಿಕೊಳ್ಳಿ. ಅವಧಿ ಮುಗಿದಿದ್ದರೆ ಫೈಲು ಅಲ್ಲಿಗೇ ನಿಲ್ಲುತ್ತದೆ.

ನಮಗೆ ಹೆಚ್ಚು ಸಮಯ ಹಿಡಿದದ್ದು ಕಟ್ಟಡ. ಕಲಬುರಗಿಯ ಹಳೆ ಬಡಾವಣೆಗಳಲ್ಲಿ ಮನೆಗಳ ಜಗುಲಿ ಎತ್ತರ. ಇಳಿಜಾರು 1:12 ಇರಬೇಕು, ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಎರಡೂವರೆ ಅಡಿ ಜಗುಲಿಗೆ ಮೂವತ್ತು ಅಡಿ ರ‍್ಯಾಂಪ್ ಬೇಕು, ನಡುವೆ ನಿಲ್ಲಲು ಸಮತಟ್ಟು ಜಾಗವೂ ಬೇಕು. ಅಷ್ಟು ಅಂಗಳ ಇಲ್ಲದ ಮನೆಯನ್ನು ಬಾಡಿಗೆ ಕಡಿಮೆ ಅಂತ ಹಿಡಿಯಬೇಡಿ. ನಮ್ಮ ಕಡೆ ಇನ್ನೊಂದು ತೊಂದರೆ ನೆಲಕ್ಕೆ ಹಾಸುವ ಶಹಾಬಾದ್ ಫರಸಿ ಕಲ್ಲು. ನಯ ಮಾಡಿದ ಫರಸಿ ಒದ್ದೆಯಾದರೆ ಊರುಗೋಲು ನಿಲ್ಲುವುದೇ ಇಲ್ಲ. ರ‍್ಯಾಂಪಿಗೂ ಶೌಚಾಲಯಕ್ಕೂ ಒರಟು ಮುಖದ ಕಲ್ಲು ಹಾಕಿಸಿ, ಇಲ್ಲವೇ ಸಿಮೆಂಟಿನ ಮೇಲೆ ಗೆರೆ ಎಳೆಸಿ. ಶೌಚಾಲಯದ ಬಾಗಿಲು 900 ಮಿಲಿಮೀಟರ್ ತೆರವು ಇರಬೇಕು, ಹೊರಗೆ ತೆರೆಯಬೇಕು. ಒಳಗೆ ತೆರೆಯುವ ಬಾಗಿಲಾದರೆ, ಒಳಗೆ ಬಿದ್ದವರೇ ಬಾಗಿಲಿಗೆ ಅಡ್ಡವಾಗುತ್ತಾರೆ.

ಜನರನ್ನು ಹುಡುಕಲು ಜಾಹೀರಾತು ಬೇಕಾಗಲಿಲ್ಲ. ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ತಾಲೂಕಿನ ಎಂಆರ್‌ಡಬ್ಲ್ಯೂ, ಪಟ್ಟಣದ ಯುಆರ್‌ಡಬ್ಲ್ಯೂ, ಅಂದರೆ ವಿಕಲಚೇತನರ ಪುನರ್ವಸತಿ ಕಾರ್ಯಕರ್ತರ ಬಳಿ ಮನೆಮನೆಯ ಪಟ್ಟಿ ಇರುತ್ತದೆ. ಇವರಲ್ಲಿ ಹೆಚ್ಚಿನವರು ಸ್ವತಃ ವಿಕಲಚೇತನರು, ಕಡಿಮೆ ಗೌರವಧನಕ್ಕೆ ದುಡಿಯುವವರು. ಅವರ ಪಟ್ಟಿಯನ್ನು ಬರೀ ಜೆರಾಕ್ಸ್ ಮಾಡಿಕೊಂಡು ಬಂದುಬಿಡುವುದು ಸರಿಯಲ್ಲ. ಮನೆ ಭೇಟಿಗೆ ಅವರನ್ನೇ ಕರೆದುಕೊಂಡು ಹೋಗಿ, ಬಸ್ ಖರ್ಚು, ಊಟದ ಖರ್ಚು ಕೊಡಿ. ತಾಂಡಾಗಳಲ್ಲಿ ಅವರಿಲ್ಲದೆ ಹೋದರೆ ಯಾರೂ ಬಾಯಿ ಬಿಡುವುದಿಲ್ಲ.

ಪಟ್ಟಿ ಕೈಗೆ ಬಂದ ಮೇಲೆ ವಿಕಲತೆಯ ಪ್ರಮಾಣಪತ್ರಕ್ಕೆ ಕಾಯುವ ಕಾಲ. ಕಾಯ್ದೆ 21 ಬಗೆಯ ವಿಕಲತೆ ಗುರುತಿಸಿದೆ. ಮೀಸಲಾತಿಗೆ, ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ 40 ಇರಬೇಕು. ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ) ಕಾರ್ಡಿನಲ್ಲಿ ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ ಪಟ್ಟಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಅರ್ಜಿ ಉಚಿತ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಹಾಕಬೇಕು. 2024ರ ತಿದ್ದುಪಡಿ ನಿಯಮಗಳಲ್ಲಿ ಪ್ರಮಾಣಪತ್ರ ಕೊಡುವ ಗಡುವು ಒಂದು ತಿಂಗಳಿಂದ ಮೂರು ತಿಂಗಳಿಗೆ ಏರಿದೆ. ಅರ್ಜಿದಾರರು ಎರಡು ವರ್ಷ ಬೆನ್ನು ಹತ್ತದಿದ್ದರೆ ಅರ್ಜಿ ನಿಷ್ಕ್ರಿಯವಾಗುತ್ತದೆ. ನಮ್ಮ ಪಟ್ಟಿಯಲ್ಲಿ ಹೀಗೆ ಅರ್ಧಕ್ಕೆ ನಿಂತವರು ಹಲವರಿದ್ದರು. ಅರ್ಜಿ ಹಾಕಿದ್ದೇವೆ ಅಂದುಕೊಂಡು ಕೂತಿದ್ದರು, ಆಸ್ಪತ್ರೆಗೆ ಬರಬೇಕಾದ ದಿನದ ಮೆಸೇಜು ಯಾರದೋ ಹಳೆ ನಂಬರಿಗೆ ಹೋಗಿತ್ತು. ಮೊದಲ ಭೇಟಿಯಲ್ಲೇ ನೋಂದಣಿ ಸಂಖ್ಯೆ ಹಾಕಿ ಸ್ಥಿತಿ ನೋಡಿ, ಮೊಬೈಲ್ ನಂಬರ್ ಬದಲಾಗಿದ್ದರೆ ಸರಿ ಮಾಡಿಸಿ.

ಎಲ್ಲಕ್ಕಿಂತ ಹೆಚ್ಚು ತಡ ಮಾಡಿದ್ದು ಹೆಸರು. ಆಧಾರ್ ಕಾರ್ಡಿನಲ್ಲಿ ಶರಣಪ್ಪ, ಶಾಲೆ ದಾಖಲೆಯಲ್ಲಿ ಶರಣಬಸಪ್ಪ, ಬ್ಯಾಂಕಿನಲ್ಲಿ ತಂದೆಯ ಹೆಸರು ಮುಂದೆ. ಯುಡಿಐಡಿ ಆಧಾರದಂತೆಯೇ ಬರುತ್ತದೆ, ಮುಂದೆ ಪಿಎಫ್ ಖಾತೆಯೂ ಆಧಾರದಂತೆಯೇ ಆಗುತ್ತದೆ. ಹಾಗಾಗಿ ಆಧಾರ್ ತಿದ್ದುಪಡಿ ಮುಗಿಯುವವರೆಗೆ ಉಳಿದ ಯಾವ ಅರ್ಜಿಯನ್ನೂ ಹಾಕಬೇಡಿ.

ಆಸ್ಪತ್ರೆಯಲ್ಲಿ ಕಣ್ಣು, ಮೂಳೆ ವಿಭಾಗದ ಕೆಲಸ ಬೇಗ ಆಗುತ್ತದೆ. ಕಿವಿ ಪರೀಕ್ಷೆಗೂ ಬೌದ್ಧಿಕ ವಿಕಲತೆಯ ಪರೀಕ್ಷೆಗೂ ಸರದಿ ಉದ್ದ, ಯಾಕೆಂದರೆ ಆಡಿಯಾಲಜಿಸ್ಟ್ ಮತ್ತು ಮನಃಶಾಸ್ತ್ರಜ್ಞರು ಬರುವ ವಾರಗಳು ಬೇರೆ. ಚಿಂಚೋಳಿಯ ಗಡಿ ಹಳ್ಳಿಯಿಂದ ಬರುವವರಿಗೆ ಒಂದು ಸಲ ಬಂದು ಹೋಗುವುದೆಂದರೆ ಇಬ್ಬರ ಕೂಲಿ ಹೋದಂತೆ. ಹೊರಡುವ ಹಿಂದಿನ ದಿನ ಡಾಕ್ಟರ್ ಇದ್ದಾರೆಯೇ ಅಂತ ಫೋನಿನಲ್ಲಿ ಖಚಿತ ಮಾಡಿಕೊಂಡೇ ಕರೆತನ್ನಿ. ಇನ್ನೊಂದು ವಿಷಯ ಹೊರಗಿನಿಂದ ಬಂದವರಿಗೆ ಗೊತ್ತಿರುವುದಿಲ್ಲ: ಬಿಸಿಲಿನ ಕಾರಣಕ್ಕೆ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ. ದೂರದ ಊರಿನವರು ಮೊದಲ ಬಸ್ಸಿಗೆ ಬಂದರೂ ಸರದಿ ಸಿಗುವುದು ಕಷ್ಟ. ಸಾಧ್ಯವಾದರೆ ಪ್ರಮಾಣಪತ್ರದ ಕೆಲಸವನ್ನು ಜೂನ್‌ನಿಂದ ಇಟ್ಟುಕೊಳ್ಳಿ.

ಸರ್ಕಾರಿ ನೌಕರಿಗೇ ಕಾಯುತ್ತೇವೆ ಅನ್ನುವವರಿಗೆ ಬೇರೆ ದಾರಿ ಇದೆ, ಅವರನ್ನು ಖಾಸಗಿ ಕೆಲಸದ ತಂಡದಲ್ಲಿ ಎಳೆದಾಡಬೇಡಿ. ಕಾಯ್ದೆಯ 34ನೇ ಕಲಂನಲ್ಲಿ ಕನಿಷ್ಠ ಶೇ 4 ಮೀಸಲಾತಿ ಇದೆ. ನಮ್ಮ ಕಲ್ಯಾಣ ಕರ್ನಾಟಕ ಭಾಗದವರಿಗೆ ಸಂವಿಧಾನದ 371ಜೆ ವಿಧಿಯ ಅಡಿ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80, ಗ್ರೂಪ್ ಡಿಯಲ್ಲಿ ಶೇ 85 ಸ್ಥಳೀಯರಿಗೆ ಮೀಸಲು. ಎರಡರ ಲಾಭ ಸಿಗಬೇಕಾದರೆ ಉಪವಿಭಾಗಾಧಿಕಾರಿಗಳಿಂದ 371ಜೆ ಅರ್ಹತಾ ಪತ್ರ ಮೊದಲೇ ಮಾಡಿಸಿಟ್ಟಿರಬೇಕು. ಅಧಿಸೂಚನೆ ಬಂದ ಮೇಲೆ ಎಸಿ ಆಫೀಸಿಗೆ ಓಡಿದರೆ ಕೊನೆಯ ದಿನಾಂಕ ಕೈಬಿಟ್ಟು ಹೋಗುತ್ತದೆ.

ಈಗ ನಿಜವಾದ ಕೆಲಸಕ್ಕೆ ಬರೋಣ. ಕೇಂದ್ರದಲ್ಲಿ ಕೂರಿಸಿ ನಿಮಗೆ ಯಾವ ಕೆಲಸ ಇಷ್ಟ ಅಂತ ಕೇಳಿದರೆ ಉತ್ತರ ತಂದೆತಾಯಿಯಿಂದ ಬರುತ್ತದೆ. ಮನೆಗೆ ಹೋಗಿ ಅರ್ಧ ದಿನ ಇರಿ. ಬೌದ್ಧಿಕ ವಿಕಲತೆ ಇರುವ ಹುಡುಗಿ ಏನೂ ಮಾಡಲಾರಳು ಅಂತ ಮನೆಯವರು ಹೇಳುತ್ತಿರುವಾಗಲೇ ಅವಳು ಮೊರದಲ್ಲಿ ತೊಗರಿ ಹಸನು ಮಾಡಿ ಕಲ್ಲು, ಸಿಪ್ಪೆ ಬೇರೆ ಬೇರೆ ಗುಡ್ಡೆ ಇಡುತ್ತಿರುತ್ತಾಳೆ. ಎಷ್ಟು ಹೊತ್ತು ಒಂದೇ ಕಡೆ ಕೂರುತ್ತಾರೆ, ಗದ್ದಲಕ್ಕೆ ಹೆದರುತ್ತಾರೆಯೇ, ಶೌಚಕ್ಕೆ ತಾವೇ ಹೋಗುತ್ತಾರೆಯೇ, ಮೂರ್ಛೆ ಬರುತ್ತದೆಯೇ, ಗುಳಿಗೆ ಯಾವ ಹೊತ್ತಿಗೆ ಅನ್ನುವುದನ್ನು ಬರೆದುಕೊಳ್ಳಿ. ಮೂರ್ಛೆ ರೋಗ ಇರುವವರನ್ನು ಓಡುವ ಪಟ್ಟೆ, ಕಾಳು ಮೇಲೆತ್ತುವ ಎಲಿವೇಟರ್ ಇರುವ ಜಾಗಕ್ಕೆ ಯಾವ ಕಾರಣಕ್ಕೂ ಹಾಕಬೇಡಿ.

ಮಾಲೀಕರ ಬಳಿ ದಯೆ ಕೇಳಬಾರದು. ದಯೆಯಿಂದ ಕೊಟ್ಟ ಕೆಲಸ ಮುಕಾದಮ (ಕೆಲಸದ ಮೇಸ್ತ್ರಿ) ಬದಲಾದ ದಿನ ಹೋಗುತ್ತದೆ. ನಾವು ಕೇಳಿದ್ದು ಒಂದು ಪಾಳಿ ನಿಂತು ನೋಡಲು ಅನುಮತಿ, ಅಷ್ಟೇ. ನಂದೂರು, ಕಪನೂರು ಕೈಗಾರಿಕಾ ಪ್ರದೇಶದ ದಾಲ್ ಮಿಲ್‌ಗಳಲ್ಲಿ ಡಿಸೆಂಬರ್‌ನಲ್ಲಿ ಹೊಸ ತೊಗರಿ ಬರಲು ಹತ್ತಿದ ಮೇಲೆ ಪ್ಯಾಕಿಂಗಿಗೆ ಕೈ ಸಾಲುವುದಿಲ್ಲ, ಆಗ ಕೇಳಿದರೆ ಮಾತಿಗೆ ಬೆಲೆ ಇರುತ್ತದೆ.

ಒಂದು ಕಿಲೋ ಬೇಳೆ ಪ್ಯಾಕಿಂಗ್ ನೋಡಿದರೆ ಒಂದೇ ಕೆಲಸದಂತೆ ಕಾಣುತ್ತದೆ. ಬಿಡಿಸಿದರೆ ಇಷ್ಟು: ಚೀಲ ಎತ್ತುವುದು, ಬಾಯಿ ಬಿಡಿಸುವುದು, ಬೇಳೆ ತುಂಬುವುದು, ತಕ್ಕಡಿಗೆ ಇಡುವುದು, ಹೆಚ್ಚು ಕಡಿಮೆ ಸರಿ ಮಾಡುವುದು, ಬಾಯಿ ಒರೆಸುವುದು, ಸೀಲ್ ಹಾಕುವುದು, ಡಬ್ಬಿಗೆ ಜೋಡಿಸುವುದು. ಎಲ್ಲಿ ತಡೆಯುತ್ತದೆ ಅಂತ ಒಂದೊಂದನ್ನೂ ನೋಡಬೇಕು. ಚೀಲದ ಬಾಯಿ ಅಂಟಿಕೊಂಡು ಬಿಚ್ಚುವುದಿಲ್ಲ, ಒದ್ದೆ ಸ್ಪಂಜು ಪಕ್ಕದಲ್ಲಿಟ್ಟರೆ ಸಾಕು. ತೂಕದಲ್ಲಿ ಅಂಕಿ ಓದಲು ಬಾರದವರು ನಿಲ್ಲುತ್ತಾರೆ. ಅವರಿಗೆ ಒಂದು ಕಿಲೋಗಿಂತ ತುಸು ಕಡಿಮೆ ಹಿಡಿಯುವ ಅಳತೆ ಪಾತ್ರೆ ಕೊಟ್ಟು, ಉಳಿದದ್ದನ್ನು ಸಣ್ಣ ಚಮಚದಿಂದ ಹಾಕುವುದನ್ನು ಕಲಿಸಿದೆವು. ತಕ್ಕಡಿಯ ಪಕ್ಕ ಬರಬೇಕಾದ ಅಂಕಿಯನ್ನು ದೊಡ್ಡದಾಗಿ ಬರೆದು ಅಂಟಿಸಿದೆವು. ಓದಬೇಕಾಗಿಲ್ಲ, ಎರಡೂ ಒಂದೇ ಥರ ಕಾಣುತ್ತವೆಯೇ ನೋಡಿದರಾಯಿತು. ಹೆಚ್ಚು ತೂಕ ಹೋದರೆ ಮಾಲೀಕರಿಗೆ ನಷ್ಟ, ಕಡಿಮೆ ಹೋದರೆ ಕಾನೂನು ಮಾಪನ ಇಲಾಖೆಯ ದಂಡ. ಆದ್ದರಿಂದ ಮಾಲೀಕರು ಮೊದಲು ನೋಡುವುದು ಇದನ್ನೇ. ಇದು ಸರಿ ಹೋದರೆ ಉಳಿದದ್ದಕ್ಕೆ ತಾವೇ ಒಪ್ಪುತ್ತಾರೆ.

ಸೀಲ್ ಬಿಟ್ಟುಕೊಳ್ಳುವುದಕ್ಕೆ ಹೆಚ್ಚಿನ ಸಲ ಕಾರಣ ಚೀಲದ ಬಾಯಿಗೆ ಅಂಟಿದ ಬೇಳೆ ಧೂಳು, ಕೆಲಸಗಾರನ ಕೈ ಅಲ್ಲ. ಕಾಲಿನಿಂದ ಒತ್ತುವ ಸೀಲಿಂಗ್ ಯಂತ್ರ ಬಲಗಾಲಿಗೆ ಪೋಲಿಯೊ ಆದವರಿಗೆ ಆಗುವುದಿಲ್ಲ. ಪೆಡಲನ್ನು ಎಡಕ್ಕೆ ಹಚ್ಚಿಸಿ, ಇಲ್ಲವೇ ಮೇಜಿನ ಮೇಲಿನ ಕೈ ಸೀಲರ್ ಕೊಡಿಸಿ. ಕಿವಿ ಕೇಳದವರಿಗೆ ಸೀಲರಿನ ದೀಪ ಆರುವುದೇ ಗುರುತು, ಅದನ್ನು ಮೊದಲ ದಿನವೇ ತೋರಿಸಿ. ಇಂಥ ಬದಲಾವಣೆ ಮಾಡಿಕೊಡುವುದು ಸರ್ಕಾರಿ ಕಚೇರಿಗಳಿಗೆ ಕಾಯ್ದೆಯ 20ನೇ ಕಲಂ ಪ್ರಕಾರ ಕರ್ತವ್ಯ. 20 ಅಥವಾ ಹೆಚ್ಚು ಜನ ದುಡಿಯುವ ಖಾಸಗಿ ಸಂಸ್ಥೆ ಸಮಾನ ಅವಕಾಶ ನೀತಿ ಪ್ರಕಟಿಸಬೇಕು ಅಂತ 2017ರ ನಿಯಮಗಳಲ್ಲಿದೆ. ಒಂದು ಪುಟದ ಕರಡನ್ನು ಕನ್ನಡದಲ್ಲಿ ನಾವೇ ಬರೆದು ಒಯ್ದೆವು. ಮಾಲೀಕರಿಗೆ ಕೆಲಸ ಹಗುರವಾಯಿತು.

ಮಿಲ್ ಮಾಲೀಕರು ಕೇಳಿದ ಪ್ರಶ್ನೆ ಎಲ್ಲ ಕಡೆ ಒಂದೇ. "ಕೆಲಸ ಮಾಡ್ತಾರ ಖರೆ ರೀ, ನಾಳೆ ಬಿದ್ರ ಪೆಟ್ಟಾದ್ರ ಯಾರ ಜವಾಬ್ದಾರಿ?" ಉತ್ತರ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ. ಸಾಮಾನ್ಯ ಕೆಲಸಗಾರರಿಗೆ ವೇತನ ಮಿತಿ ತಿಂಗಳಿಗೆ 21,000 ರೂಪಾಯಿ, ವಿಕಲಚೇತನರಿಗೆ 25,000. ಮಾಲೀಕರ ಪಾಲು ಶೇ 3.25, ಕೆಲಸಗಾರರ ಪಾಲು ಶೇ 0.75. ಕಲಬುರಗಿಯಲ್ಲಿ ಇಎಸ್‌ಐ ಆಸ್ಪತ್ರೆಯೇ ಇರುವುದರಿಂದ ಈ ಮಾತು ಬೇಗ ನಂಬಿಕೆಗೆ ಬಂತು.

ಮನೆಯವರ ಪ್ರಶ್ನೆ ಇನ್ನೂ ಕಠಿಣ. "ಪಗಾರ ಬಂದ್ರ ಮಾಸಾಶನ ಬಂದ್ ಆಗ್ತದೇನ್ರಿ ಮೇಡಂ?" ಇದನ್ನು ತೇಲಿಸಿ ಮಾತಾಡಬೇಡಿ. ವಿಕಲಚೇತನರಿಗೆ ಸರ್ಕಾರ ಕೊಡುವ ಮಾಸಾಶನಕ್ಕೆ ವಾರ್ಷಿಕ ಆದಾಯ ಮಿತಿ ಇದೆ. ಸಂಬಳ ಅದನ್ನು ದಾಟಿದರೆ ಅರ್ಹತೆ ಹೋಗುತ್ತದೆ, ಮುಚ್ಚಿಟ್ಟರೆ ಮುಂದೆ ವಸೂಲಿಯ ನೋಟಿಸು ಬರಬಹುದು. ಒಬ್ಬೊಬ್ಬರ ಮನೆಯಲ್ಲೂ ಕೂತು ಕಾಗದದ ಮೇಲೆ ಲೆಕ್ಕ ಹಾಕಿದೆವು: ಕೈಗೆ ಬರುವ ಪಗಾರ, ಅದರಲ್ಲಿ ಹೋಗುವ ಬಸ್ಸು, ಆಟೊ, ಮಧ್ಯಾಹ್ನದ ಚಹಾ, ಪಿಎಫ್, ಇಎಸ್‌ಐ, ನಿಲ್ಲುವ ಮಾಸಾಶನ. ಕೆಲವರಿಗೆ ಉಳಿಯುವುದು ಬಹಳ ಕಡಿಮೆ ಅಂತ ಕಂಡಾಗ ಅದನ್ನೂ ಹಾಗೇ ಹೇಳಿದೆವು. ಅಂಥವರಲ್ಲಿ ಒಬ್ಬಿಬ್ಬರು ಬೇಡ ಅಂದರು, ಆ ತೀರ್ಮಾನ ಅವರದ್ದೇ. ತಾಯಂದಿರ ಭಯಕ್ಕೆ ಕಾರಣವಿದೆ. ಮಾಸಾಶನ ಸಣ್ಣದಾದರೂ ತಪ್ಪದೆ ಬರುವ ಹಣ, ಮಿಲ್ಲಿನ ಕೆಲಸ ಎಷ್ಟು ದಿನ ಅಂತ ಅವರಿಗೆ ಗೊತ್ತಿಲ್ಲ. ಕೆಲಸ ಹೋದರೆ ಮಾಸಾಶನಕ್ಕೆ ಮತ್ತೆ ಹೇಗೆ ಅರ್ಜಿ ಹಾಕಬೇಕು ಅನ್ನುವುದನ್ನು ನಾಡಕಚೇರಿಯಲ್ಲಿ ಮೊದಲೇ ಕೇಳಿಕೊಂಡು, ಬೇಕಾಗುವ ಕಾಗದಗಳ ಪ್ರತಿ ಮನೆಯಲ್ಲಿ ಇಟ್ಟುಬನ್ನಿ. ಮಾತಿಗಿಂತ ಆ ಪ್ರತಿಗಳು ಹೆಚ್ಚು ಧೈರ್ಯ ಕೊಟ್ಟವು.

ಹೋಗಿ ಬರುವ ಖರ್ಚು ಹೀಗೆ. ಸಾರಿಗೆ ನಿಗಮದ ವಿಕಲಚೇತನರ ರಿಯಾಯಿತಿ ಪಾಸಿಗೆ ವರ್ಷಕ್ಕೆ 660 ರೂಪಾಯಿ, ಊರಿನಿಂದ 100 ಕಿಲೋಮೀಟರ್ ಒಳಗೆ ನಡೆಯುತ್ತದೆ, ಅರ್ಜಿ ಸೇವಾ ಸಿಂಧುವಿನಲ್ಲಿ. ಹೆಣ್ಣುಮಕ್ಕಳಿಗೆ ಜೂನ್ 2023ರಿಂದ ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಬಸ್ಸಿಗೆ ಪಾಸೇ ಬೇಡ. ದುಡ್ಡು ತಿನ್ನುವುದು ಬಸ್ ನಿಲ್ದಾಣದಿಂದ ಮಿಲ್ಲಿನ ಬಾಗಿಲವರೆಗಿನ ಆಟೊ. ಒಂದೇ ಪಾಳಿಯಲ್ಲಿ ಮೂರು ನಾಲ್ಕು ಜನರನ್ನು ಸೇರಿಸಿ, ಒಬ್ಬ ಆಟೊದವರನ್ನು ತಿಂಗಳ ಬಾಡಿಗೆಗೆ ಹಿಡಿಯಿರಿ.

ಸೇರುವ ವಾರದಲ್ಲಿ ಬರುವ ಅಡ್ಡಿಗಳು ಯಂತ್ರಗಳಿಂದ. ಬೆರಳು ಹಾಜರಿ ಯಂತ್ರ ಸೆರೆಬ್ರಲ್ ಪಾಲ್ಸಿ (ಕೈಕಾಲಿನ ಹಿಡಿತ ತಪ್ಪುವ ಮೆದುಳಿನ ತೊಂದರೆ) ಇರುವವರ, ಕುಷ್ಠರೋಗದಿಂದ ಗುಣವಾದವರ ಬೆರಳನ್ನು ಹಿಡಿಯುವುದಿಲ್ಲ. ರಿಜಿಸ್ಟರ್ ಸಹಿ ಅಥವಾ ಕಾರ್ಡ್ ಇರಲಿ ಅಂತ ಮೊದಲೇ ಬರೆಸಿಕೊಳ್ಳಿ, ಇಲ್ಲವಾದರೆ ದುಡಿದ ದಿನ ಗೈರುಹಾಜರಿ ಬೀಳುತ್ತದೆ. ಬ್ಯಾಂಕ್ ಖಾತೆಗೆ ಮುಖ ತೋರಿಸಿ ಮಾಡುವ ಕೆವೈಸಿಯಲ್ಲಿ (ಗುರುತು ಪರಿಶೀಲನೆಯಲ್ಲಿ) ಕಣ್ಣು ಮಿಟುಕಿಸಿ ಅನ್ನುವ ಹಂತದಲ್ಲಿ ದೃಷ್ಟಿ ಇಲ್ಲದವರು ಸಿಕ್ಕಿಬೀಳುತ್ತಾರೆ. ಇದೇ ವಿಷಯದಲ್ಲಿ ಸುಪ್ರೀಂ ಕೋರ್ಟ್ 30 ಏಪ್ರಿಲ್ 2025ರಂದು ಕೆವೈಸಿ ಎಲ್ಲರಿಗೂ ಸಾಧ್ಯವಾಗುವಂತೆ ಇರಬೇಕು ಅಂತ ನಿರ್ದೇಶನ ಕೊಟ್ಟಿದೆ. ಒಂದು ಬ್ಯಾಂಕ್ ಶಾಖೆಯಲ್ಲಿ ಆಗುವುದಿಲ್ಲ ಅಂದಾಗ ಆ ತೀರ್ಪಿನ ಪ್ರತಿ ತೋರಿಸಿದ ಮೇಲೆ ಕಾಗದದಲ್ಲೇ ಕೆವೈಸಿ ಮಾಡಿಕೊಟ್ಟರು. ಬೌದ್ಧಿಕ ವಿಕಲತೆ ಇದೆ ಅಂದ ಕೂಡಲೇ ಕೆಲವು ಕಡೆ ಪಾಲಕತ್ವ ಪತ್ರ ಕೇಳುತ್ತಾರೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಅದನ್ನು ಕೊಡುವುದು ಜಿಲ್ಲಾಧಿಕಾರಿಗಳು ಇರುವ ಸ್ಥಳೀಯ ಮಟ್ಟದ ಸಮಿತಿ. ಆದರೆ ವಹಿವಾಟು ತಿಳಿಯುವವರಿಗೆ ಬರೀ ಖಾತೆಗಾಗಿ ಪಾಲಕರನ್ನು ಮಾಡಿಸುವುದು ಅನ್ಯಾಯ. ಸ್ವಂತ ಖಾತೆಗೇ ಪಟ್ಟು ಹಿಡಿಯಿರಿ.

ಇನ್ನು ಜಾಬ್ ಕೋಚ್, ಅಂದರೆ ಕೆಲಸದ ಜಾಗದಲ್ಲೇ ಪಕ್ಕ ನಿಂತು ಕಲಿಸುವ ನಮ್ಮ ಸಿಬ್ಬಂದಿ. ಮೊದಲ ಎರಡು ವಾರ ಕೋಚ್ ಇಡೀ ಪಾಳಿ ಪಕ್ಕದಲ್ಲೇ ಇದ್ದರು, ಆಮೇಲೆ ಅರ್ಧ ಪಾಳಿ, ಆಮೇಲೆ ವಾರಕ್ಕೆ ಎರಡು ಸಲ, ಮೂರನೇ ತಿಂಗಳಿಂದ ವಾರಕ್ಕೊಮ್ಮೆ ಫೋನು. ಹಿಂದೆ ಸರಿಯುವುದಕ್ಕೂ ಮೊದಲು ಸಾಲಿನಲ್ಲಿ ಪಕ್ಕ ನಿಲ್ಲುವ ಒಬ್ಬ ಕೆಲಸಗಾರರನ್ನು ಸಂಗಾತಿ ಮಾಡಬೇಕು. ಅಕ್ಕಾ, ಅಣ್ಣಾ ಅಂತ ಕರೆಯುವಷ್ಟು ಸಲುಗೆ ಬೆಳೆದ ಕಡೆ ಕೋಚ್ ಬೇಗ ಹೊರಗೆ ಬರಬಹುದು. ಕೆಲಸ ಬಿಡುವ ಅಪಾಯ ಹೆಚ್ಚು ಎರಡನೇ ತಿಂಗಳಲ್ಲಿ. ಮೊದಲ ಪಗಾರದ ಹುರುಪು ಇಳಿದಿರುತ್ತದೆ, ಕೋಚ್ ಕಡಿಮೆ ಕಾಣುತ್ತಾರೆ, ಮುಕಾದಮ ರಜೆ ಹಾಕಿ ಬೇರೊಬ್ಬ ಬಂದಿರುತ್ತಾನೆ. ಹೊಸಬರಿಗೆ ಏನೂ ಗೊತ್ತಿಲ್ಲ, ಬೈಯುತ್ತಾರೆ, ಮರುದಿನದಿಂದ ಹುಡುಗ ಮನೆ ಬಿಟ್ಟು ಹೊರಡುವುದಿಲ್ಲ. ಮುಕಾದಮ ಬದಲಾದ ಸುದ್ದಿ ಅದೇ ದಿನ ತಿಳಿಯುವ ವ್ಯವಸ್ಥೆ ಮಾಡಿಕೊಳ್ಳಿ, ಆ ದಿನ ಕೋಚ್ ಅಲ್ಲಿರಬೇಕು. ಕಿವಿ ಕೇಳದ, ಮಾತು ಬಾರದ ಹೆಣ್ಣುಮಕ್ಕಳು ಇರುವ ಕಡೆ ಆಂತರಿಕ ದೂರು ಸಮಿತಿ ಇದೆಯೇ ನೋಡಿ. 10 ಅಥವಾ ಹೆಚ್ಚು ಜನ ಇದ್ದರೆ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಅದು ಕಡ್ಡಾಯ. ದೂರು ಹೇಳಿಕೊಳ್ಳಲು ಸಂಜ್ಞೆ ಬಲ್ಲವರು ವಿಡಿಯೊ ಕರೆಗೆ ಸಿಗುವಂತಿರಲಿ.

ಬೇಸಿಗೆಗೆ ಬೇರೆ ಸಿದ್ಧತೆ ಬೇಕು. ಕೃತಕ ಕಾಲಿನ ಒಳಗೆ ಬೆವರು ನಿಂತು ಚರ್ಮ ಸುಲಿಯುತ್ತದೆ. ನಡುವೆ ಬಿಚ್ಚಿ ಒರೆಸಿಕೊಳ್ಳಲು ಹತ್ತು ನಿಮಿಷ ಮತ್ತು ಮರೆಯ ಜಾಗ ಕೇಳಿ ಪಡೆಯಿರಿ. ಶರಣಬಸವೇಶ್ವರ ಜಾತ್ರೆಗೆ ಯಾರೂ ಕೆಲಸಕ್ಕೆ ಬರುವುದಿಲ್ಲ. ಮೊದಲೇ ರಜೆ ಬರೆಸಿದರೆ ಇವರು ನಂಬಿಕೆಗೆ ಆಗುವವರಲ್ಲ ಅನ್ನುವ ಮಾತು ಹುಟ್ಟುವುದಿಲ್ಲ.

ಹಣ ಕೊಡುವವರ ಜೊತೆ ನಮಗೆ ನಡೆದ ದೊಡ್ಡ ವಾದ ಕೆಲಸಕ್ಕೆ ಸೇರಿದ ಮೇಲಿನ ಈ ತಿಂಗಳುಗಳ ಸುತ್ತಲೇ. ತರಬೇತಿ ಪಡೆದವರ ತಲೆ ಎಣಿಸಿ ಹಣ ಬರುತ್ತದೆ, ನೇಮಕಾತಿ ಪತ್ರ ತೋರಿಸಿದರೆ ಇನ್ನೊಂದು ಕಂತು. ಕೋಚ್ ಮಿಲ್ಲಿನಲ್ಲಿ ನಿಲ್ಲುವ ತಿಂಗಳುಗಳಿಗೆ ಬಜೆಟ್ಟಿನಲ್ಲಿ ಖರ್ಚಿನ ಶೀರ್ಷಿಕೆಯೇ ಇರುವುದಿಲ್ಲ. ತರಗತಿಯ ಅವಧಿ ಕಡಿಮೆ ಮಾಡಿ ಆ ಹಣವನ್ನು ಕೋಚ್ ಸಂಬಳಕ್ಕೆ ತಿರುಗಿಸಲು ಬರಹದಲ್ಲಿ ಒಪ್ಪಿಗೆ ಪಡೆದ ಮೇಲೆಯೇ ನಾವು ಸಹಿ ಹಾಕಿದ್ದು. ನೀವು ಕೇಂದ್ರದ ಮುಖ್ಯಸ್ಥರಾಗಿದ್ದರೆ ನಿಮ್ಮ ಮೊದಲ ಹೋರಾಟ ಇದು. ಆರು ತಿಂಗಳ ನಂತರವೂ ಕೆಲಸದಲ್ಲಿ ಇದ್ದವರ ಲೆಕ್ಕವನ್ನೇ ಫಲಿತಾಂಶ ಅಂತ ಒಪ್ಪಿಸಿ.

ಮುಂದಿನ ತಂಡ ಮಾಡುವವರು ಪಟ್ಟಿಯನ್ನು ದಸರೆಯೊಳಗೆ ಮುಗಿಸಿ. ದೀಪಾವಳಿ ಆದ ಮೇಲೆ ತಾಂಡಾಗಳಿಂದ ಮನೆಮಂದಿ ಮುಂಬೈ, ಪುಣೆ, ಹೈದರಾಬಾದ್ ಕಡೆ ದುಡಿಯಲು ಹೊರಡುತ್ತಾರೆ, ಜೊತೆಗೆ ನಿಮ್ಮ ಅಭ್ಯರ್ಥಿಯೂ ಹೋಗಿರುತ್ತಾರೆ. ಬೀದರಿನ ಕೊಳಾರ, ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶಗಳಲ್ಲಿ ಸುರು ಮಾಡುವವರು ಮಾಲೀಕರನ್ನು ಕಾಣುವುದಕ್ಕೂ ಮೊದಲು ಪಾಳಿ ಬಿಡುವ ಹೊತ್ತಿಗೆ ಅಲ್ಲಿ ನಿಂತು ವಾಪಸ್ ಬಸ್ಸು ಇದೆಯೇ ನೋಡಿ. ಇಲ್ಲದಿದ್ದರೆ ಡಿಪೊ ಮ್ಯಾನೇಜರಿಗೆ ಅರ್ಜಿ ಕೊಡಿ, ಕೆಲಸಗಾರರ ಸಹಿಯನ್ನೂ ಹಾಕಿಸಿ, ಪಾಳಿಯ ಸಮಯವನ್ನು ಅರ್ಜಿಯ ಮೊದಲ ಸಾಲಿನಲ್ಲೇ ಬರೆಯಿರಿ.